ಹನ್ನೊಂದನೇ ನಂಬರಿನ ಎಡಬಲ

ಮಾರ್ಚ್ 3, ಸೋಮವಾರ

ಇವತ್ತು ನನ್ನ ಪ್ರೋಗ್ರಾಮ್ ಒಂದು ಮಂಗಕ್ಕೆ ಮೂರು ಮೆದುಳು ದಯಪಾಲಿಸಿತು. ಒಂದು ಅಸಲಿ, ಉಳಿದೆರಡು ಕಣ್ಣುಗುಡ್ಡೆಗಳು.

ಆಸ್ಪತ್ರೆಯಲ್ಲಿ ಎಂಟು ವರ್ಷ ಮನುಷ್ಯರ ಸ್ಕ್ಯಾನ್ ನೋಡಿದವಳು ನಾನು. ಅಲ್ಲಿ ಇದೇ ಪ್ರೋಗ್ರಾಮ್ ತಲೆಯ ಚಿತ್ರದಿಂದ ಚರ್ಮ, ಮೂಳೆ, ಕಣ್ಣು ಎಲ್ಲವನ್ನೂ ಸುಲಿದು ಹಾಕಿ, ಮೆದುಳೊಂದನ್ನು ಉಳಿಸಿ, ಇದು ಕೈ ಆಡಿಸುವ ಜಾಗ, ಇದು ನೋಡುವ ಜಾಗ ಎಂದು ಬಣ್ಣ ಬಳಿದು ಕೊಡುತ್ತಿತ್ತು. ಈ ಪ್ರಾಣಿ ಸಂಶೋಧನಾ ಕೇಂದ್ರಕ್ಕೆ ಬಂದು ಐದು ತಿಂಗಳಾಯಿತು. ಮಂಗದ ತಲೆ ತೋರಿಸಿದರೆ ಅದು ಬೆಪ್ಪುತಕ್ಕಡಿಯಂತೆ ಕೂರುತ್ತದೆ. ಮಂಗಕ್ಕೆ ದವಡೆಯ ಸ್ನಾಯು ದಪ್ಪ, ಕಣ್ಣು ದೊಡ್ಡದು, ಮೆದುಳು ಅಂಗೈಯಲ್ಲಿ ಹಿಡಿಸುವಷ್ಟು. ಮನುಷ್ಯರಿಗೆಂದು ಹೊಲಿದ ಅಂಗಿಯನ್ನು ಮಂಗಕ್ಕೆ ತೊಡಿಸುವ ಕೆಲಸ ನನ್ನದು.

ಗಡುವು ಇಪ್ಪತ್ತನೇ ತಾರೀಕು. ಹನ್ನೊಂದನೇ ನಂಬರಿನ ಹೆಣ್ಣು ಮಂಗದ ತಲೆಯಲ್ಲೊಂದು ಗಡ್ಡೆಯಿದೆ, ವಾರಕ್ಕೆ ಮೂರು ಸಲ ಫಿಟ್ಸ್ ಬರುತ್ತದೆ. ಮನುಷ್ಯರಿಗೆ ಆಪರೇಷನ್ ಮಾಡುವ ಸರ್ಜನ್ ಒಬ್ಬರು ಆವತ್ತು ಒಂದು ದಿನ ಬಂದು ಅದನ್ನು ತೆಗೆದುಕೊಡಲು ಒಪ್ಪಿದ್ದಾರೆ. "ಮಂಗದ ಮೆದುಳನ್ನ ನಾನು ತೆರೆದವನಲ್ಲ. ನನಗೆ ಅಭ್ಯಾಸ ಇರೋಂಥ ನಕ್ಷೆ ಕೊಟ್ಟರೆ ಬರ್ತೀನಿ, ಇಲ್ಲದಿದ್ದರೆ ಇಲ್ಲ" ಎಂದಿದ್ದಾರಂತೆ. ಬರದಿದ್ದರೆ ಏನು ಎಂದು ಪಶುವೈದ್ಯೆಯನ್ನು ಕೇಳಿದೆ. "ನಿದ್ದೆಯ ಇಂಜೆಕ್ಷನ್ ಕೊಡ್ತೀವಿ. ಏಳದ ನಿದ್ದೆ" ಎಂದರು.

ನನ್ನ ಕೆಲಸದ ಒಪ್ಪಂದ ಮುಗಿಯುವುದು ಮೂವತ್ತೊಂದಕ್ಕೆ. ನಕ್ಷೆ ಚೆನ್ನಾಗಿ ಬಂದರೆ ಇನ್ನೆರಡು ವರ್ಷ. ಹಾಗಾಗಿ ಹನ್ನೊಂದರ ತಲೆಯೂ ನನ್ನ ತಲೆಯೂ ಸದ್ಯಕ್ಕೆ ಒಂದೇ ಹಗ್ಗಕ್ಕೆ ಕಟ್ಟಿವೆ.

ಮಾರ್ಚ್ 5, ಬುಧವಾರ

ಪ್ರೋಗ್ರಾಮ್‌ಗೆ ಸುಳ್ಳು ಹೇಳಿ ಗೆದ್ದೆ. ಇಷ್ಟು ಚಿಕ್ಕ ಮೆದುಳು ಇರಲು ಸಾಧ್ಯವೇ ಇಲ್ಲ ಎಂದು ಅದು ಪ್ರತಿಸಲ ನಿಂತುಬಿಡುತ್ತಿತ್ತು. ಚಿತ್ರದ ಒಂದೊಂದು ಚುಕ್ಕಿ ಅರ್ಧ ಮಿಲಿಮೀಟರ್. ನಾನು ಒಂದು ಮಿಲಿಮೀಟರ್ ಎಂದು ಬರೆದುಕೊಟ್ಟೆ. ಓಹೋ, ದೊಡ್ಡ ಮನುಷ್ಯರು ಬಂದರು ಎಂದು ತಕ್ಷಣ ಕುರ್ಚಿ ಹಾಕಿತು. ಕೊನೆಯಲ್ಲಿ ಅಳತೆಯನ್ನು ಅರ್ಧಕ್ಕೆ ಇಳಿಸಿದರೆ ಲೆಕ್ಕ ಸರಿ. ಕಣ್ಣುಗುಡ್ಡೆಗಳ ಕಾಟವೂ ತಪ್ಪಿತು.

ಕೀಲಿ ಮಾಮ ಸ್ಕ್ಯಾನಿನ ಡಿಸ್ಕ್ ತಂದುಕೊಟ್ಟ. ಪ್ರಾಣಿಮನೆಯ ಮೇಲ್ವಿಚಾರಣೆ ಅವನದು; ಸೊಂಟದಲ್ಲಿ ಸದಾ ಬೀಗದ ಕೈಗಳ ಗೊಂಚಲು ಇರುವುದರಿಂದ ಎಲ್ಲರಿಗೂ ಅವನು ಕೀಲಿ ಮಾಮ. ಅವನ ಜೊತೆಗೆ ಪ್ರಾಣಿಮನೆಯ ವಾಸನೆಯೂ ಬರುತ್ತದೆ. "ಒಂದ್ಸಲ ಬಂದು ಅಜ್ಜಿನ ನೋಡ್ಕೊಂಡು ಹೋಗಿ ಮೇಡಂ" ಎಂದ. ಯಾರಪ್ಪಾ ಅಜ್ಜಿ ಎಂದರೆ ಹನ್ನೊಂದನೇ ನಂಬರ್! ಇಪ್ಪತ್ತಮೂರು ವರ್ಷವಂತೆ, ಮಂಗಗಳಲ್ಲಿ ಅದು ಮುಪ್ಪು. ನನಗೆ ಬೇಕಾದದ್ದೆಲ್ಲ ಡಿಸ್ಕಿನಲ್ಲಿದೆ ಎಂದು ಹೇಳಿ ಕಿಟಕಿ ತೆರೆದೆ.

ಮಾರ್ಚ್ 7, ಶುಕ್ರವಾರ

ಇವತ್ತಿನ ದಿನ ನನ್ನದು.

ಮನುಷ್ಯ ಸ್ಕ್ಯಾನಿಗೆ ಅಂಗಾತ ಮಲಗುತ್ತಾನೆ. ಮಂಗಕ್ಕೆ ಅರಿವಳಿಕೆ ಕೊಟ್ಟು ಬೋರಲು ಮಲಗಿಸಿ, ಮೂಗು ಯಂತ್ರದ ಒಳಕ್ಕೆ ಬರುವಂತೆ ತಲೆ ಎತ್ತಿ ಇಡುತ್ತಾರೆ. ಯಂತ್ರಕ್ಕೆ ಅದು ಗೊತ್ತಿಲ್ಲ. ಹಾಗಾಗಿ ಮೂಗನ್ನು ನೆತ್ತಿ ಎನ್ನುತ್ತದೆ, ನೆತ್ತಿಯನ್ನು ಮೂಗು ಎನ್ನುತ್ತದೆ. ನಾನು ಮೂಗು, ನೆತ್ತಿಗಳ ಹೆಸರು ಅದಲುಬದಲು ಮಾಡಿದೆ. ಎರಡೇ ಸಾಲು. ಮೆದುಳು ಎದ್ದು ನೆಟ್ಟಗೆ ಕೂತಿತು, ಪಠ್ಯಪುಸ್ತಕದ ಚಿತ್ರದ ಹಾಗೆ.

ಇನ್ನೊಂದು ಕಾಟವೆಂದರೆ ತಲೆಯ ಪಕ್ಕದಲ್ಲಿ, ಚರ್ಮದ ಮೇಲೆ, ಒಂದು ಬೆಳ್ಳನೆಯ ಚುಕ್ಕಿ. ಯಂತ್ರದ ದೋಷವೇ ಇರಬೇಕು. ಪ್ರೋಗ್ರಾಮ್ ಅದನ್ನೂ ಮೆದುಳಿನ ಲೆಕ್ಕಕ್ಕೆ ಸೇರಿಸುತ್ತಿತ್ತು. ಅಂಥದ್ದು ಕಂಡರೆ ಒರೆಸಿಹಾಕು ಎಂದು ಇನ್ನೊಂದು ಸಾಲು ಬರೆದೆ. ಈಗ ನಕ್ಷೆ ತೊಳೆದಿಟ್ಟ ಬಟ್ಟಲಿನಂತಿದೆ. ಗಡ್ಡೆ ಎಡ ಮೆದುಳಿನಲ್ಲಿ, ಕೈ ಆಡಿಸುವ ಜಾಗಕ್ಕೆ ಒತ್ತಿಕೊಂಡು, ಸ್ಪಷ್ಟ.

ಮಾರ್ಚ್ 12, ಬುಧವಾರ

ಸಭೆಯಲ್ಲಿ ನಕ್ಷೆ ತೋರಿಸಿದೆ. ಕೇಂದ್ರದ ಮುಖ್ಯಸ್ಥರು ಎದ್ದು ನಿಂತು ಪರದೆಯ ಹತ್ತಿರ ಹೋಗಿ ನೋಡಿದರು. ಸಾಮಾನ್ಯವಾಗಿ ಅವರು ಏಳುವುದು ಊಟಕ್ಕೆ ಮಾತ್ರ. "ಇದನ್ನ ನಾವು ಮೊದಲೇ ಮಾಡಬೇಕಿತ್ತು" ಎಂದರು. 'ನಾವು' ಎಂದದ್ದು ಕೇಳಿಸಿಕೊಂಡೆ. ನಕ್ಷೆಯ ಕೆಳಗೆ ನನ್ನ ಸಹಿ, ಅದರ ಕೆಳಗೆ ಅವರದು. ಸರ್ಜನ್‌ಗೆ ಪ್ರತಿ ಹೋಯಿತು. ಬರುತ್ತೇನೆ ಎಂದಿದ್ದಾರೆ.

ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಅವಳು ಹೊಲಿಗೆ ಯಂತ್ರದಿಂದ ತಲೆ ಎತ್ತದೆ, "ಮನುಷ್ಯರ ತಲೆ ಸಾಕಾಗಿ ಮಂಗನ ತಲೆಗೆ ಹೋದೆ. ಮುಂದೆ ಯಾರದ್ದು, ನನ್ನದಾ?" ಎಂದಳು. ನಿನ್ನದಕ್ಕೆ ಬೇರೆ ಪ್ರೋಗ್ರಾಮ್ ಬೇಕು ಎಂದೆ. ಇಬ್ಬರೂ ನಕ್ಕೆವು. ತುಂಬ ದಿನದ ಮೇಲೆ ಚೆನ್ನಾಗಿ ಹಸಿವಾಯಿತು.

ಮಾರ್ಚ್ 17, ಸೋಮವಾರ

ಮೂಗಿಗೆ ಕರವಸ್ತ್ರ ಹಿಡಿದು ಪ್ರಾಣಿಮನೆಗೆ ಹೋದೆ. ಹನ್ನೊಂದರ ಈಗಿನ ತೂಕವೂ ಮೇಲ್ವಿಚಾರಕನ ಸಹಿಯೂ ವರದಿಗೆ ಬೇಕಿತ್ತು.

ಉದ್ದನೆಯ ಓಣಿ, ತೊಳೆದ ಸಿಮೆಂಟ್ ನೆಲ, ಎರಡೂ ಕಡೆ ಜಾಲರಿ. ಕೊನೆಯ ಗೂಡಿನಲ್ಲಿ ಅದು ಮೂಲೆಗೆ ಒರಗಿ ಕೂತಿತ್ತು. ಮುಖ ಸುಕ್ಕು, ಹುಬ್ಬಿನ ಕೂದಲು ಉದುರಿದೆ. ನನ್ನನ್ನು ಒಮ್ಮೆ ನೋಡಿ, ಲೆಕ್ಕಕ್ಕಿಲ್ಲದವಳು ಎಂದು ತೀರ್ಮಾನಿಸಿ, ಮುಖ ತಿರುಗಿಸಿತು. ಕೀಲಿ ಮಾಮ ದ್ರಾಕ್ಷಿ ಚಾಚಿದ. ಬಲಗೈಯಲ್ಲಿ ತೆಗೆದುಕೊಂಡಿತು. ಎಡಗೈ ಮಡಿಲಲ್ಲಿ ಬಿದ್ದಿತ್ತು.

"ಆ ಕೈ ಬರಲ್ವಾ?"

"ಎರಡು ತಿಂಗಳಾಯ್ತು ಮೇಡಂ, ಎಡಗೈ ಹಿಡಿತ ಹೋಗಿ. ಫಿಟ್ಸ್ ಶುರುವಾಗೋದೂ ಆ ಕೈಯಿಂದಲೇ. ಮೊದಲು ಬೆರಳು ನಡುಗುತ್ತೆ, ಆಮೇಲೆ ಇಡೀ ಮೈ."

ಪಾಪ ಎಂದೆ. ತೂಕ ಬರೆದುಕೊಂಡೆ, ಆರೂವರೆ ಕಿಲೋ. ಹಿಂದಿರುಗುವಾಗ ಮೆಟ್ಟಿಲಲ್ಲಿ ಏನೋ ಚುಚ್ಚಿದಂತಾಯಿತು. ಎಡ ಮೆದುಳು ನಡೆಸುವುದು ಬಲಗೈಯನ್ನು. ಗಡ್ಡೆ ಎಡಕ್ಕಿದ್ದರೆ ಬಲಗೈ ಬೀಳಬೇಕು.

ಮಂಗಗಳಲ್ಲಿ ಬೇರೆಯೇನೋ? ಅಲ್ಲ, ಅಲ್ಲವೆಂದು ಚೆನ್ನಾಗಿ ಗೊತ್ತು. ಮುದುಕಿಗೆ ಕೈಯಲ್ಲೇ ಏನಾದರೂ ಪೆಟ್ಟಾಗಿರಬಹುದು.

ಮಾರ್ಚ್ 18, ಮಂಗಳವಾರ

ಬೆಳಿಗ್ಗೆ ಅಕ್ಕನಿಗೆ ಸಹಾಯ ಮಾಡಲು ಹೋಗಿ ಅವಳ ಬಟ್ಟೆ ಹಾಳುಮಾಡಿದೆ. ಕಾಗದದ ಅಚ್ಚು ಇಟ್ಟು ಎರಡು ತೋಳು ಕತ್ತರಿಸಲು ಹೇಳಿದ್ದಳು. ಕತ್ತರಿಸಿದೆ. ಅವಳು ಎತ್ತಿ ಹಿಡಿದು, "ಎರಡೂ ಎಡಗೈಯೇ! ಈ ಗಿರಾಕಿಗೆ ಬಲಗೈ ಇಲ್ವೇನೇ?" ಎಂದಳು.

"ಅದೇ ಅಚ್ಚು ಅಲ್ವಾ?"

"ಅದೇ ಅಚ್ಚನ್ನ ಮಗುಚಿ ಹಾಕಬೇಕು ಕಣೇ. ಮಗುಚಿದ್ರೆ ತಾನೇ ಎಡ ಹೋಗಿ ಬಲ ಆಗೋದು. ಇಷ್ಟು ಓದಿದೀಯ!"

ಅಂಗಾತ ಮಲಗಿದವರನ್ನು ಮಗುಚಿದರೆ ಬೋರಲು. ಮೂಗು ನೆತ್ತಿಗಳನ್ನು ಸರಿಮಾಡಿದೆ, ಎಡಬಲವನ್ನು ಮುಟ್ಟಲೇ ಇಲ್ಲ. ಮೆದುಳಿನ ಎರಡು ಹೋಳೂ ನೋಡಲು ಒಂದೇ ಥರ, ಕನ್ನಡಿಯೊಳಗಿನದನ್ನು ತೋರಿಸಿದರೂ ಯಾರಿಗೂ ಗೊತ್ತಾಗದು.

ತಿಂಡಿ ಬಿಟ್ಟು ಕೇಂದ್ರಕ್ಕೆ ಓಡಿದೆ. ಮೂಲ ಸ್ಕ್ಯಾನ್ ತೆರೆದೆ, ನಾನು ಒರೆಸಿಹಾಕುವ ಮೊದಲಿನದು. ಚುಕ್ಕಿ ಇದೆ. ಯಂತ್ರದ ಪ್ರಕಾರ ಎಡಕ್ಕೆ, ಗಡ್ಡೆಯಿರುವ ಕಡೆಗೇ. ಮಾಮನಿಗೆ ಫೋನ್ ಮಾಡಿ, ಸ್ಕ್ಯಾನ್ ಹೊತ್ತಿನಲ್ಲಿ ತಲೆಗೆ ಏನಾದರೂ ಅಂಟಿಸುತ್ತೀರಾ ಎಂದು ಕೇಳಿದೆ.

"ಮೀನೆಣ್ಣೆ ಮಾತ್ರೆ ಮೇಡಂ. ಎಣ್ಣೆ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತಂತೆ. ಯಾವ ಕಡೆ ಯಾವುದು ಅಂತ ಗೊಂದಲ ಆಗಬಾರದು ಅಂತ ಡಾಕ್ಟರಮ್ಮ ಹೇಳಿಕೊಟ್ಟಿದ್ದು. ಯಾವಾಗಲೂ ಬಲಗಿವಿ ಮೇಲೆ. ಹದಿನಾಲ್ಕು ವರ್ಷದಿಂದ ಒಂದ್ಸಲಾನೂ ತಪ್ಪಿಲ್ಲ."

ಗೊಂದಲ ಆಗಬಾರದು ಎಂದು ಇಟ್ಟ ಒಂದೇ ಒಂದು ಗುರುತನ್ನು ನಾನು ಕಸವೆಂದು ಗುಡಿಸಿದ್ದೆ. ಗಡ್ಡೆ ಇರುವುದು ಬಲಕ್ಕೆ. ನಾಡಿದ್ದು ಸರ್ಜನ್ ತೆರೆಯುವುದು ಎಡಕ್ಕೆ.

ಮಾರ್ಚ್ 19, ಬುಧವಾರ

ಬೆಳಿಗ್ಗೆ. ಪ್ರೋಗ್ರಾಮ್ ಸರಿಮಾಡಲು ನಾಲ್ಕು ನಿಮಿಷ ಸಾಕಾಯಿತು. ಹೊಸ ನಕ್ಷೆ ತಯಾರು. ಮುಖ್ಯಸ್ಥರ ಬಾಗಿಲವರೆಗೆ ಹೋದೆ. ಒಳಗೆ ಯಾರೋ ಇದ್ದರು. ಬಂದೆ.

ಹನ್ನೆರಡು ಗಂಟೆ. ಮತ್ತೆ ಹೋದೆ. ಒಳಗೆ ಯಾರೂ ಇರಲಿಲ್ಲ. ಆದರೂ ಬಂದೆ.

ಮೂರು ಗಂಟೆ. ಹೊಸ ನಕ್ಷೆಯನ್ನು ಸದ್ದಿಲ್ಲದೆ ಹಳೆಯದರ ಜಾಗದಲ್ಲಿ ಇಟ್ಟರೆ? ಹಳೆಯದರ ಪ್ರತಿ ಸರ್ಜನ್ ಚೀಲದಲ್ಲಿದೆ. ಅವರು ಎರಡನ್ನೂ ಹೋಲಿಸಿ ನೋಡುವುದಿಲ್ಲವೇ? ಇದನ್ನೆಲ್ಲ ಬರೆಯಲು ನಾಚಿಕೆಯಾಗುತ್ತಿದೆ. ಆದರೆ ಹದಿನೆಂಟು ಅರ್ಜಿ ಹಾಕಿದ ಮೇಲೆ ಸಿಕ್ಕ ಕೆಲಸ ಇದು. ನಲವತ್ತೆರಡನೇ ವಯಸ್ಸಿನಲ್ಲಿ ಮತ್ತೆ ಮೊದಲಿಂದ ಶುರುಮಾಡುವ ಧೈರ್ಯ ನನಗಿಲ್ಲ.

ಐದು ಗಂಟೆ. ನಾಳೆ ಹೇಳುತ್ತೇನೆ. ಆಪರೇಷನ್ ಹತ್ತಕ್ಕೆ. ಇನ್ನೂ ಸಮಯವಿದೆ.

ಮಾರ್ಚ್ 20, ಗುರುವಾರ

ಆಪರೇಷನ್ ಕೋಣೆಗೆ ಟೋಪಿ, ಮುಖಗವಸು ಹಾಕಿ ನುಗ್ಗಿದಾಗ ಒಂಬತ್ತು ಐವತ್ತು. ಅಜ್ಜಿಯ ತಲೆ ಬೋಳಿಸಿ, ಎಡಭಾಗದಲ್ಲಿ ನೀಲಿ ಶಾಯಿಯಿಂದ ಅರ್ಧಚಂದ್ರ ಬರೆದಾಗಿತ್ತು. ಬೋಳಿಸಿದ ತಲೆ ಎಷ್ಟು ಚಿಕ್ಕದು! ಪರದೆಯ ಮೇಲೆ ನಾನು ದೊಡ್ಡದು ಮಾಡಿಯೇ ನೋಡಿದ್ದೆ.

"ಸರ್, ನಿಲ್ಲಿಸಿ" ಎಂದೆ. ಯಾರೂ ತಿರುಗಲಿಲ್ಲ. ಮತ್ತೊಮ್ಮೆ ಕೂಗಿದೆ.

ಸರ್ಜನ್ ತಿರುಗಿದರು. "ಯಾರಮ್ಮಾ ನೀವು?"

"ನಕ್ಷೆ ಮಾಡಿದವಳು ಸರ್. ಅದರಲ್ಲಿ ಎಡಬಲ ಅದಲುಬದಲಾಗಿದೆ."

"ಅದಲುಬದಲಾಗೋಕೆ ಇದೇನು ಬಾಗಿಲಲ್ಲಿ ಬಿಟ್ಟ ಚಪ್ಪಲಿಯಾ?"

ಮೂಲ ಸ್ಕ್ಯಾನ್ ತೋರಿಸಿದೆ, ಚುಕ್ಕಿ ತೋರಿಸಿದೆ. ಬಾಗಿಲ ಬಳಿ ನಿಂತಿದ್ದ ಮಾಮನನ್ನು ಕರೆದು ಕೇಳಿದರು. "ಬಲಗಿವಿ ಮೇಲೆ ಸರ್, ನಾನೇ ಅಂಟಿಸಿದ್ದು." ಪಶುವೈದ್ಯೆ ಎಡಗೈ ಎತ್ತಿ ಬಿಟ್ಟರು. "ಹಿಡಿತ ಹೋಗಿರೋದು ಈ ಕೈಯಲ್ಲೇ. ನಕ್ಷೆ ನೋಡಿದಾಗ ನನಗೂ ಹೊಳೆಯಬೇಕಿತ್ತು" ಎಂದರು. ಸರ್ಜನ್ ಸ್ಪಿರಿಟ್ ಹತ್ತಿಯಿಂದ ನೀಲಿ ಶಾಯಿ ಒರೆಸಿ, ಬಲಕ್ಕೆ ಬರೆದರು. ತಪ್ಪು ಹೇಗಾಯಿತೆಂದು ಕೇಳುವಷ್ಟು ಹೊತ್ತು ಯಾರಿಗೂ ಇರಲಿಲ್ಲ, ನಾನೂ ಹೇಳಲಿಲ್ಲ.

ಗಡ್ಡೆ ಅಲ್ಲೇ ಇತ್ತು. ಕಡಲೆಕಾಳಿನಷ್ಟು. ನಾಲ್ಕು ಗಂಟೆಗೆ ಅಜ್ಜಿ ಕಣ್ಣು ಬಿಟ್ಟಳು. ಮಾಮ ಗೋಡೆಗೆ ಮುಖ ಮಾಡಿ ನಿಂತು ಅತ್ತ.

ಸಂಜೆ ಓಣಿಯಲ್ಲಿ ಮುಖ್ಯಸ್ಥರು ಸಿಕ್ಕರು. "ಒಳ್ಳೆ ಸಮಯಕ್ಕೆ ಕಂಡುಹಿಡಿದ್ರಿ. ನನ್ನ ಸಹಿ ಇತ್ತು, ಮಾನ ಹೋಗ್ತಿತ್ತು. ಏನಾಗಿದ್ದು, ಆ ಕೀಲಿ ಮಾಮ ಮಾತ್ರೆನ ತಪ್ಪು ಕಡೆ ಅಂಟಿಸಿದ್ನಾ?"

"ಅಂಥದ್ದೇ ಏನೋ ಸರ್" ಎಂದೆ.

ಅವರಿಗೆ ಅವಸರವಿತ್ತು. ಅದು ವಿವರಿಸುವ ಜಾಗವೂ ಆಗಿರಲಿಲ್ಲ.

ಮಾರ್ಚ್ 22, ಶನಿವಾರ

ಎಡಗೈ ಹೇಗಿದೆ ನೋಡೋಣವೆಂದು ಪ್ರಾಣಿಮನೆಗೆ ಹೋದೆ. ಬಾಗಿಲಲ್ಲಿ ಬೇರೆ ಯಾರೋ. ಮಾಮನನ್ನು ನಿನ್ನೆಯಿಂದ ಉಗ್ರಾಣಕ್ಕೆ ಹಾಕಿದ್ದಾರಂತೆ, ಪ್ರಾಣಿಮನೆಗೆ ಕಾಲಿಡಬಾರದೆಂದು ಆದೇಶವಂತೆ. ಕಾರಣ, ನಿರ್ಲಕ್ಷ್ಯ.

ಪಶುವೈದ್ಯೆ ಕೆಂಡವಾಗಿದ್ದರು. "ನನ್ನನ್ನ ಒಂದು ಮಾತು ಕೇಳಲಿಲ್ಲ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು. ಆ ಮನುಷ್ಯ ಮಾತ್ರೆ ತಪ್ಪಾಗಿ ಅಂಟಿಸೋನಲ್ಲ. ನಿಮಗೇನಾದ್ರೂ ಗೊತ್ತಾ?"

ನನ್ನ ಬಾಯಿ ತೆರೆಯಿತು. "ವಿಚಾರಿಸ್ತೀನಿ" ಎಂದಿತು.

ಅಜ್ಜಿ ನಿನ್ನೆಯಿಂದ ಏನೂ ತಿಂದಿಲ್ಲ. ಹೊಸಬ ಕೊಟ್ಟ ಹಣ್ಣು ಹಾಗೇ ಬಿದ್ದಿದೆ. ಆಪರೇಷನ್ ಆದಮೇಲೆ ಹಸಿವಿರುವುದಿಲ್ಲ, ಸಹಜ. ಮಾಮನಿಗೂ ವಯಸ್ಸಾಯಿತು, ಉಗ್ರಾಣದಲ್ಲಿ ಕೂತು ಮಾಡುವ ಕೆಲಸ.

ಮಾರ್ಚ್ 23, ಭಾನುವಾರ

ರಜೆ. ಆದರೂ ಹೋದೆ. ಅಜ್ಜಿ ಬಾಗಿಲ ಕಡೆ ಮುಖ ಮಾಡಿ ಕೂತಿದ್ದಾಳೆ. ಬೀಗದ ಸದ್ದಾದಾಗಲೆಲ್ಲ ಕತ್ತೆತ್ತುತ್ತಾಳೆ, ಒಳಗೆ ಬಂದವರನ್ನು ನೋಡುತ್ತಾಳೆ, ತಲೆ ಇಳಿಸುತ್ತಾಳೆ. ನಾನು ದ್ರಾಕ್ಷಿ ಚಾಚಿದೆ. ನನ್ನ ಕೈಯನ್ನು ನೋಡಲೂ ಇಲ್ಲ. ಮೂಗಿಗೆ ನಳಿಕೆ ಹಾಕಿ ಗಂಜಿ ಕೊಡಲು ನೋಡಿದರಂತೆ; ಕಿತ್ತು ಹಾಕಿದ್ದಾಳೆ. ಹೊಲಿಗೆಯ ಜಾಗ ಒಸರುತ್ತಿದೆ. ಇನ್ನೆರಡು ದಿನ ಹೀಗೇ ಇದ್ದರೆ ಆಪರೇಷನ್ ಮಾಡಿದ್ದು ವ್ಯರ್ಥ ಎಂದರು ಪಶುವೈದ್ಯೆ.

ಮನೆಯಲ್ಲಿ ಅಕ್ಕನ ಮೇಲೆ ಸುಮ್ಮಸುಮ್ಮನೆ ರೇಗಿದೆ. ಅವಳು ಸೂಜಿಗೆ ದಾರ ಪೋಣಿಸುತ್ತ, "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ತಿದೀಯ. ನಾನಿನ್ನೂ ಏನೂ ಅಂದೇ ಇಲ್ಲ. ಏನು ಕದ್ದೆ?" ಎಂದಳು.

ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ: "ಆ ಮಾಮನಿಗೆ ಇದು ಗೊತ್ತಾ, ಮಾಡಿದ್ದು ನೀನು ಅಂತ?"

"ಇಲ್ಲ."

"ಹಾಗಾದ್ರೆ ತಾನೇ ತಪ್ಪು ಮಾಡಿದೆ ಅಂದ್ಕೊಂಡಿರ್ತಾರೆ, ಪಾಪ. ಹದಿನಾಲ್ಕು ವರ್ಷಾನೂ ಒಂದೊಂದಾಗಿ ನೆನಪು ಮಾಡ್ಕೊಳ್ತಾ ಕೂತಿರ್ತಾರೆ."

ಮಾರ್ಚ್ 24, ಸೋಮವಾರ

ನನ್ನ ಮೇಜಿನ ಮೇಲೆ ಹೊಸ ಒಪ್ಪಂದ ಇತ್ತು. ಎರಡು ವರ್ಷ. ನನ್ನ ಹೆಸರಿನ ಎದುರು ಸಹಿಗೆ ಜಾಗ ಬಿಟ್ಟಿದ್ದರು. ಪೆನ್ನಿನ ಮುಚ್ಚಳ ತೆಗೆದೆ. ಸುಳ್ಳು ಬರೆಯುವುದಿಲ್ಲ, ತೆಗೆದೆ. ಎಷ್ಟು ಹೊತ್ತು ಹಾಗೇ ಹಿಡಿದಿದ್ದೆನೋ, ನಿಬ್ಬು ಒಣಗಿತು.

ಅದನ್ನು ಕೈಯಲ್ಲೇ ಹಿಡಿದು ಮುಖ್ಯಸ್ಥರ ಕೋಣೆಗೆ ಹೋದೆ. ಈ ಸಲ ಒಳಗೆ ಮೂವರಿದ್ದರು. ಇರಲಿ ಎಂದು ಹೇಳತೊಡಗಿದೆ. ಮಾತ್ರೆ ಸರಿಯಾದ ಕಡೆಯೇ ಇತ್ತು. ಎಡಬಲ ತಿರುಗಿಸದೆ ಬಿಟ್ಟವಳು ನಾನು. ಮಾತ್ರೆಯ ಗುರುತನ್ನು ಅಳಿಸಿದವಳೂ ನಾನು. ತಪ್ಪು ಗೊತ್ತಾದ ಮೇಲೆ ಒಂದು ದಿನ ಸುಮ್ಮನಿದ್ದೆ. ನೀವು ಮಾಮನ ಹೆಸರು ಎತ್ತಿದಾಗ ಹೂಂಗುಟ್ಟಿದೆ.

ಮುಖ್ಯಸ್ಥರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆ ಕಾಗದಕ್ಕೆ ಸಹಿ ಹಾಕಿದ್ದೀರಾ?"

"ಇಲ್ಲ ಸರ್."

"ಹಾಗಾದ್ರೆ ಇಲ್ಲಿ ಕೊಡಿ."

ಕೊಟ್ಟೆ. ಮಾಮನ ಆದೇಶ ರದ್ದುಮಾಡಿ ಎಂದೆ. ನೀವು ಹೇಳಿದ್ದನ್ನೆಲ್ಲ ಬರೆದುಕೊಟ್ಟರೆ ಮಾತ್ರ ಎಂದರು. ಅಲ್ಲೇ ಕೂತು ಬರೆದೆ, ಒಂದೂವರೆ ಪುಟ. ಆದರೆ ಗುಮಾಸ್ತರು ಆಗಲೇ ಹೊರಟುಹೋಗಿದ್ದರು. ಮೊಹರು ನಾಳೆ ಬೆಳಿಗ್ಗೆಯೇ.

ಮಾರ್ಚ್ 25, ಮಂಗಳವಾರ

ಆದೇಶದ ಪ್ರತಿ ಹಿಡಿದು ಉಗ್ರಾಣಕ್ಕೆ ಓಡಿದೆ. ಮಾಮ ಕೈಗವಸಿನ ಡಬ್ಬಿಗಳನ್ನು ಜೋಡಿಸುತ್ತಿದ್ದರು. ಸೊಂಟದಲ್ಲಿ ಗೊಂಚಲು ಇರಲಿಲ್ಲ. ನಿಂತಲ್ಲೇ ಎಲ್ಲ ಹೇಳಿದೆ, ಆ ಓಣಿಯ ಮಾತನ್ನೂ ಸೇರಿಸಿ. ಅವರು ಕೊನೆಯವರೆಗೆ ಕೇಳಿ, "ತಿಂತಿದಾಳಾ?" ಎಂದರು. ಇಲ್ಲ ಎಂದೆ. ಡಬ್ಬಿ ಅಲ್ಲೇ ಬಿಟ್ಟು ನಡೆದರು. ಅವರ ಹಿಂದೆ ನಾನು ಓಡಬೇಕಾಯಿತು.

ಅಜ್ಜಿ ಅವರನ್ನು ನೋಡಿದಳು. ನೋಡಿ, ಬೆನ್ನು ತಿರುಗಿಸಿ ಕೂತುಬಿಟ್ಟಳು. ಮಾಮ ಜಾಲರಿಗೆ ಹಣೆ ಒತ್ತಿ, "ಬೈಯೇ, ಬೈ. ಎಷ್ಟು ಬೇಕಾದ್ರೂ ಬೈ. ಬೈದು ತಿನ್ನು" ಎನ್ನುತ್ತ ನೆಲದ ಮೇಲೇ ಕೂತರು. ಕಾಲು ಗಂಟೆ ಕಳೆದಿರಬೇಕು. ಬೆನ್ನು ತಿರುಗಿಸಿಯೇ ಅವಳು ಕೈಯೊಂದನ್ನು ಹಿಂದಕ್ಕೆ ಚಾಚಿದಳು. ಮಾಮ ದ್ರಾಕ್ಷಿ ಇಟ್ಟರು. ಬಾಯಿಗೆ ಹಾಕಿಕೊಂಡಳು. ಮತ್ತೆ ಚಾಚಿದಳು. ಎಲುಬು ಎಣಿಸಬಹುದಿತ್ತು, ಅಷ್ಟು ಇಳಿದಿದ್ದಾಳೆ. ಬದುಕುತ್ತಾಳೆ ಎಂದರು ಪಶುವೈದ್ಯೆ, ಆದರೆ ಎಡಗೈಗೆ ಮೊದಲಿನ ಶಕ್ತಿ ಬರಲು ತಿಂಗಳುಗಳೇ ಬೇಕಂತೆ. ನಾನು ಅತ್ತೆ. ಯಾರೂ ನನ್ನ ಕಡೆ ನೋಡಲಿಲ್ಲ.

"ಕ್ಷಮಿಸಿ ಮಾಮ. ತಪ್ಪು ನಂದು ಅಂತ ಎಲ್ಲಾ ಬರೆದುಕೊಟ್ಟಿದ್ದೀನಿ" ಎಂದೆ.

ಅವರು ತಿರುಗಲಿಲ್ಲ. ಇನ್ನೊಂದು ದ್ರಾಕ್ಷಿ ಕೊಡುತ್ತ ಹೇಳಿದರು: "ಎಡಬಲದ್ದು ಬರೆದಿದ್ದೀರಿ ಮೇಡಂ, ನನ್ನದೂ ಬರೆದಿದ್ದೀರಿ, ಒಳ್ಳೇದಾಯ್ತು. ಇವಳು ನಾಲ್ಕು ದಿನ ಹಸ್ಕೊಂಡು ಬಾಗಿಲು ನೋಡ್ತಾ ಕೂತಿದ್ಳಲ್ಲ, ಅದನ್ನ ಯಾವ ಕಾಗದದಲ್ಲಿ ಬರೆದಿದ್ದೀರಿ?"

ಯಾವುದರಲ್ಲೂ ಬರೆದಿರಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ. ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪತ್ತಮೂರು, ಇಪ್ಪತ್ನಾಲ್ಕು. ಅದರಲ್ಲಿ ಮೂರು ದಿನ ನನಗೆ ಗೊತ್ತಿತ್ತು.